ಆಷಾಢದಲ್ಲಿ ಕೊಂಡ ಮನೆ

ಗೊತ್ತಿಲ್ಲದ ಊರಿನಲ್ಲಿ ಮನೆ ಕೊಳ್ಳುವವರಿಗೆ ನಾನು ಮೊದಲು ಹೇಳುವ ಮಾತು ಇದು: ಮನೆಯನ್ನು ಆಮೇಲೆ ನೋಡಿ, ಮೊದಲು ಆ ಓಣಿಯ ಕಿರಾಣಿ ಅಂಗಡಿಯ ಮುಂದೆ ಅರ್ಧ ತಾಸು ನಿಲ್ಲಿ. ಒಂದು ಬೆಂಕಿಪೊಟ್ಟಣ ಕೊಂಡರೆ ಸಾಕು, ನಳಕ್ಕೆ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಯಾವ ಮನೆಯವರು ಜಗಳಗಂಟರು, ಎಲ್ಲವೂ ಗೊತ್ತಾಗುತ್ತದೆ. ನಿಪ್ಪಾಣಿಯಲ್ಲಿ ತಂಬಾಕಿನ ಚೀಲ ಹೊತ್ತು ಬದುಕು ಶುರು ಮಾಡಿದವನು ನಾನು. ಆಮೇಲೆ ಹಳೆಯ ಗೋಣಿಚೀಲದ ವ್ಯಾಪಾರಕ್ಕಿಳಿದೆ. ಚೀಲದೊಳಗೆ ಕೈ ಹಾಕಿದ ಕೂಡಲೇ ತೂತು ಎಲ್ಲಿದೆ ಅಂತ ಹೇಳುತ್ತಿದ್ದೆ. ನನಗೆ ಮೋಸ ಮಾಡುವವನು ಇನ್ನೂ ಹುಟ್ಟಬೇಕು ಅಂತಲೇ ತಿಳಿದಿದ್ದೆ.

ಮನೆ ಬೇಕಾದದ್ದು ಹೆಂಡತಿಯ ಉಸಿರಿಗಾಗಿ. ನಿಪ್ಪಾಣಿಯಲ್ಲಿ ನಾವಿದ್ದ ಬಾಡಿಗೆ ಮನೆಯ ಹಿತ್ತಲಿಗೆ ಹೊಂದಿಕೊಂಡೇ ತಂಬಾಕಿನ ಗೋದಾಮು ಇತ್ತು. ಚೀಲ ಝಾಡಿಸಿದ ದಿನ ಅವಳು ಗೋಡೆ ಹಿಡಿದು ನಿಂತುಬಿಡುತ್ತಿದ್ದಳು. ದಮ್ಮು ಹೆಚ್ಚಾದಾಗ ಎದೆಯೊಳಗಿನ ಸುಂಯ್ ಸದ್ದು ಅಡುಗೆಮನೆಯಿಂದ ಪಡಸಾಲೆಯವರೆಗೆ ಕೇಳುತ್ತಿತ್ತು. ಡಾಕ್ಟರು ಒಂದು ದಿನ ಚೀಟಿ ಬರೆಯುವುದನ್ನು ಬಿಟ್ಟು ಹೇಳಿದರು: "ಗುಳಿಗಿ ಎಷ್ಟ್ ಬದಲ ಮಾಡ್ಲಿರಿ ನಾ? ನೀವು ಮನಿ ಬದಲ ಮಾಡ್ರಿ."

ಹೀಗೆ ಅಥಣಿ ಕಡೆಯ ಒಂದು ಊರಿಗೆ ಹೋದೆವು. ಅವಳ ತವರು ಶೇಡಬಾಳ ಅಲ್ಲಿಗೆ ಹತ್ತಿರ. ನನಗೆ ಮಾತ್ರ ಆ ಊರಿನಲ್ಲಿ ಒಂದು ಮುಖವೂ ಪರಿಚಯವಿರಲಿಲ್ಲ. ಊರಿನ ಹೆಸರು ಬರೆಯುವುದಿಲ್ಲ. ಆ ಓಣಿಯಲ್ಲಿ ಇನ್ನೂ ಜನ ಇದ್ದಾರೆ, ಅವರಿಗೂ ಮನೆ ಮಾರುವುದಿದೆ.

ಹೋದದ್ದು ಆಷಾಢದಲ್ಲಿ, ಬೇಕಂತಲೇ. ಆಷಾಢದಲ್ಲಿ ನಮ್ಮ ಕಡೆ ಮನೆಯ ಮಾತು ಯಾರೂ ಎತ್ತುವುದಿಲ್ಲ. ಅದಕ್ಕೇ ಮಾರುವವನು ಸೋತು ಕೂತಿರುತ್ತಾನೆ, ಎದುರಿಗೆ ಬಂದವನೊಬ್ಬನೇ ಗಿರಾಕಿ. ವ್ಯವಹಾರ ಆಷಾಢದಲ್ಲಿ ಮುಗಿಸಿ, ಹಾಲು ಉಕ್ಕಿಸುವುದನ್ನು ಶ್ರಾವಣಕ್ಕೆ ಇಟ್ಟುಕೊಂಡರೆ ದೇವರಿಗೂ ಸಮಾಧಾನ, ಕಿಸೆಗೂ ಸಮಾಧಾನ. ಈ ಉಪಾಯವನ್ನು ನಾನು ಎಷ್ಟು ಜನರಿಗೆ ಹೇಳಿಕೊಟ್ಟಿದ್ದೇನೋ ಲೆಕ್ಕವಿಲ್ಲ.

ನೋಡಿದ ಮನೆ ಇದ್ದದ್ದು ಊರ ಹೊರಗಿನ ಹೊಸ ಬಡಾವಣೆಯಲ್ಲಿ. ಅಗಲವಾದ ರಸ್ತೆ, ಸುತ್ತ ಕಬ್ಬಿನ ಗದ್ದೆ. ಗದ್ದೆಗಳಾಚೆ, ಮೂಡಣ ದಿಕ್ಕಿಗೆ, ಸಕ್ಕರೆ ಕಾರ್ಖಾನೆಯ ಚಿಮಣಿ ಕಾಣುತ್ತಿತ್ತು. ನಾನು ಕುರುಡನಲ್ಲ, ಮೊದಲು ಕೇಳಿದ್ದೇ ಅದನ್ನು.

ಮನೆ ತೋರಿಸಲು ಬಂದಿದ್ದ ಏಜಂಟ ನಕ್ಕ. "ಪಾವ್ಣೇರ, ಅದು ಎಲ್ಲಿ, ನೀವೆಲ್ಲಿ! ಹೊಗಿ ಇತ್ಲಾಗ ಬರೂದ ಇಲ್ರಿ."

ಅವನ ಮಾತು ನಂಬುವ ಪೈಕಿ ನಾನಲ್ಲ. ಅಂಗಡಿಯಿಂದ ಊದಿನಕಡ್ಡಿ ತಂದು ಮಾಳಿಗೆಯ ಮೇಲೆ ಹಚ್ಚಿ ಹಿಡಿದೆ. ಹೊಗೆ ನೆಟ್ಟಗೆ ಚಿಮಣಿಯ ಕಡೆಗೇ ಓಡಿತು. ಅಂದರೆ ಗಾಳಿ ನಮ್ಮ ಮನೆಯಿಂದ ಕಾರ್ಖಾನೆಯ ಕಡೆಗೆ. ಬೇರೆ ಬೇರೆ ದಿನ ಮೂರು ಸಲ ಹೋಗಿ ನೋಡಿದೆ, ಮೂರು ಸಲವೂ ಹಾಗೇ. ಮೂರನೆಯ ಸಲ ಪಕ್ಕದ ಮಾಳಿಗೆಯ ಮೇಲೆ ಆ ಮನೆಯ ಹೆಣ್ಣುಮಗಳು ಬಂದು ನಿಂತಳು.

"ಗಾಳಿ ನೋಡಾಕತ್ತೀರೇನ್ರಿ, ಅಣ್ಣಾರ?"

"ಹೌದ್ರಿ ಅಕ್ಕಾರ. ಮನಿಯಾಕಿಗೆ ದಮ್ಮ ಐತಿ."

ಆಕೆ ನನ್ನ ಕೈಯಲ್ಲಿದ್ದ ಕಡ್ಡಿಯನ್ನೇ ನೋಡುತ್ತ ನಿಂತಳು. ಏನೋ ಹೇಳಲು ಬಾಯಿ ತೆರೆದಂತಿತ್ತು. ಕೆಳಗಿನಿಂದ ಏಜಂಟ, "ವೈನೀ, ಚಾ ಇಡ್ರಲಾ ಪಾವ್ಣೇರಿಗೆ!" ಅಂತ ಕೂಗಿದ. ಆಕೆ ಬಾಯಿ ಮುಚ್ಚಿಕೊಂಡು ಇಳಿದು ಹೋದಳು. ಚಹಾ ಬಂತು, ಆಕೆ ಬರಲಿಲ್ಲ.

ಹೆಂಡತಿ ಬಂದದ್ದು ಒಂದೇ ಸಲ. ಅವಳು ಕೋಣೆ ನೋಡಲಿಲ್ಲ, ಓಣಿಯ ಮಾಳಿಗೆಗಳನ್ನು ನೋಡಿದಳು.

"ಅಲ್ರಿ, ಯಾರ ಮನಿ ಮ್ಯಾಲೂ ಅರಿವಿ ಒಣಾಹಾಕೂ ಹಗ್ಗ ಇಲ್ಲಲ್ರಿ?"

"ಮಳಿಗಾಲ ಐತಿ. ಬಿಚ್ಚಿ ಇಟ್ಟಿರ್ತಾರ."

"ಹಗ್ಗ ಬಿಚ್ಚಿರಬೇಕು. ಕಂಬನೂ ಬಿಚ್ಚಿ ಇಟ್ಟಾರೇನ್ರಿ?"

"ನಿನಗ ಮನಿ ಬೇಕೋ, ಕಂಬ ಬೇಕೋ?" ಅಂದೆ. ಏಜಂಟ ಜೋರಾಗಿ ನಕ್ಕ. ನಾನೂ ನಕ್ಕೆ.

ಚೌಕಾಸಿಗೆ ಕೂತಾಗ ಒಂದು ಮಾತು ಎದೆಗೆ ಚುಚ್ಚಿತು. ಇಷ್ಟು ವರ್ಷದ ವ್ಯಾಪಾರದಲ್ಲಿ ನಾನು ಕೇಳಿದ ಮೊದಲ ದರಕ್ಕೆ ಯಾರೂ ಹೂಂ ಅಂದವರಿಲ್ಲ. ಈ ಮಾಲಕ ಅಂದ. ನಾನು ಹೇಳಿ ಮುಗಿಸುವ ಮೊದಲೇ ಅಂದ, ಎದ್ದು ನನ್ನ ಕೈ ಕುಲುಕಿದ. ಅವನ ಅಂಗೈ ಒದ್ದೆಯಾಗಿತ್ತು. ಆಷಾಢದ ಮಹಿಮೆ ಅಂದುಕೊಂಡೆ.

ಶ್ರಾವಣದಲ್ಲಿ ಹಾಲು ಉಕ್ಕಿಸಿ ಹೊಸ ಮನೆಗೆ ಬಂದೆವು. ದೀಪಾವಳಿಯವರೆಗೆ ಹೆಂಡತಿ ಹೂವಿನಂತೆ ಇದ್ದಳು. ಮಾಳಿಗೆಯ ಮೆಟ್ಟಿಲನ್ನು ನಿಲ್ಲದೆ ಹತ್ತುತ್ತಿದ್ದಳು. ದಮ್ಮಿನ ಪಂಪು ಕಪಾಟಿನ ಹಿಂದೆಲ್ಲೋ ಸೇರಿತ್ತು. ನಾನು ಸಿಕ್ಕವರಿಗೆಲ್ಲ ಮನೆ ಕೊಳ್ಳುವ ಬಗ್ಗೆ ಉಪದೇಶ ಮಾಡುತ್ತ ತಿರುಗಿದೆ.

ದೀಪಾವಳಿ ಮುಗಿದ ವಾರ ಓಣಿಯಲ್ಲಿ ಒಂದು ವಿಚಿತ್ರ ಗಡಿಬಿಡಿ ಶುರುವಾಯಿತು. ಎದುರುಮನೆಯವರು ಕಿಟಕಿಯ ಸಂದುಗಳಿಗೆ ಅಂಟುಪಟ್ಟಿ ಹಚ್ಚತೊಡಗಿದರು. ಮತ್ತೊಬ್ಬರು ನೀರಿನ ಟಾಕಿಯ ಬಾಯಿಗೆ ಎರಡು ಪದರ ಬಟ್ಟೆ ಬಿಗಿದರು. ತುಳಸಿಕಟ್ಟೆಗೆ ಸಹ ಪ್ಲಾಸ್ಟಿಕ್ ಹೊದಿಸಿದರು. ಯಾರೂ ಯಾರಿಗೂ ಏನೂ ಹೇಳುತ್ತಿರಲಿಲ್ಲ, ಮದುವೆಗೆ ಚಪ್ಪರ ಹಾಕುವವರಂತೆ ರೂಢಿಯ ಕೈಗಳಿಂದ ಕೆಲಸ ನಡೆದಿತ್ತು. ಕಿರಾಣಿ ಅಂಗಡಿಯವನನ್ನು ಕೇಳಿದೆ.

"ಕಾರ್ಖಾನಿ ಚಾಲೂ ಆಗ್ತೈತಲ್ರಿ."

"ಗಾಳಿ ಆ ಕಡೆ ಐತಲ್ಲೋ ಮಾರಾಯ!"

ಅವನು ನನ್ನ ಮುಖ ನೋಡಿದ. "ಅದು ಮಳಿ ಗಾಳ್ರಿ. ಚಳಿ ಬಿತ್ತಂದ್ರ ಮೂಡಗಾಳಿ ಬೀಸ್ತೈತಿ. ರೈತರ ಪೈಕಿ ಅಲ್ಲೇನ್ರಿ ನೀವು?"

ಅಲ್ಲ. ನಾನು ಚೀಲದ ಪೈಕಿ. ಗಾಳಿ ಕಾಲಕ್ಕೆ ತಕ್ಕಂತೆ ದಿಕ್ಕು ಬದಲಿಸುತ್ತದೆ ಎಂಬುದು ಹೊಲದಲ್ಲಿ ರಾಶಿ ತೂರಿದವನಿಗೆ ಗೊತ್ತು. ಗೋದಾಮಿನ ಕತ್ತಲೆಯಲ್ಲಿ ಬೆಳೆದವನಿಗೆ ಯಾರು ಹೇಳಬೇಕು? ಕಾರ್ಖಾನೆ ಮಲಗಿರುವ ತಿಂಗಳನ್ನು, ಗಾಳಿ ತಿರುಗಿರುವ ತಿಂಗಳನ್ನು ನಾನೇ ಹುಡುಕಿ ಹುಡುಕಿ ಆರಿಸಿಕೊಂಡಿದ್ದೆ.

ಕಾರ್ಖಾನೆ ಶುರುವಾದ ಮೂರನೆಯ ದಿನ ಬೆಳಿಗ್ಗೆ ಅಂಗಳ ಕಪ್ಪಗಿತ್ತು. ಬೂದಿಯ ಸಣ್ಣ ಸಣ್ಣ ಎಳೆಗಳು, ಮುಟ್ಟಿದರೆ ಕಾಡಿಗೆಯಂತೆ ಬೆರಳಿಗೆ ಹತ್ತುತ್ತಿದ್ದವು. ಹೆಂಡತಿ ಗುಡಿಸಿದಳು. ತಿರುಗಿ ನೋಡುವಷ್ಟರಲ್ಲಿ ಮತ್ತೆ ಕಪ್ಪು. ಕಾಸಿದ ಹಾಲಿನ ಕೆನೆಯ ಮೇಲೂ ಕಪ್ಪು ಚುಕ್ಕಿ. ಅವಳು ಸೌಟಿನಿಂದ ಕೆನೆ ತೆಗೆದು ಚೆಲ್ಲಿದಳು. ನಾಲ್ಕನೆಯ ದಿನಕ್ಕೆ ಸುಂಯ್ ಸದ್ದು ಮರಳಿ ಬಂತು. ವಾರ ಕಳೆಯುವಷ್ಟರಲ್ಲಿ ಅವಳ ತುಟಿ ನೀಲಿಗಟ್ಟಿತು; ದವಾಖಾನೆಗೆ ಒಯ್ದೆ, ಅಲ್ಲಿ ಮುಖಕ್ಕೆ ಮಾಸ್ಕ್ ಹಾಕಿ ಔಷಧದ ಆವಿ ಕೊಟ್ಟರು. ಎಲ್ಲಿರುವುದು ಅಂತ ಅಲ್ಲಿಯ ಡಾಕ್ಟರು ಕೇಳಿದರು, ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

"ಇವತ್ತ ಕರ್ಕೊಂಡ ಹೋಗ್ರಿ ಬ್ಯಾರೆ ಕಡೆ. ನಾಳೆ ಅನಬ್ಯಾಡ್ರಿ."

ದವಾಖಾನೆಯಿಂದಲೇ ನೇರವಾಗಿ ಶೇಡಬಾಳಕ್ಕೆ ಕರೆದುಕೊಂಡು ಹೋಗಿ ಬಿಟ್ಟು, ಅವಳ ಸೀರೆಗಳನ್ನು ಒಯ್ಯಲು ಮರುದಿನ ಮನೆಗೆ ಬಂದೆ. ಗಂಟು ಕಟ್ಟಿ ಹೊರಗೆ ಬಂದಾಗ ಪಕ್ಕದ ಮನೆಯ ಹೆಣ್ಣುಮಗಳು ತನ್ನ ಬಾಗಿಲಲ್ಲಿ ನಿಂತಿದ್ದಳು.

"ಅವತ್ತ ಹೇಳಬೇಕಾಗಿತ್ರಿ ಅಕ್ಕಾರ."

"ಹೇಳಿದ್ರ ನಮ್ಮ ಮನಿ ಯಾರ್ ತಗೋತಾರ್ರಿ?" ಅಂದಳು, ಮುಚ್ಚುಮರೆ ಇಲ್ಲದೆ. ಆಮೇಲೆ ದನಿ ಇಳಿಸಿ, "ಮೊದಲನೇ ವರ್ಷ ಎಲ್ಲಾರೂ ತವರಿಗೆ ಕಳಸ್ತಾರ್ರಿ."

"ಎರಡನೇ ವರ್ಷ?"

ಆಕೆ ಉತ್ತರ ಕೊಡಲು ಹೋದಳು. ಕೆಮ್ಮು ಬಂತು. ಸೆರಗನ್ನು ಬಾಯಿಗೆ ಒತ್ತಿಕೊಂಡು, ಚೌಕಟ್ಟು ಹಿಡಿದು ಬಗ್ಗಿದಳು. ನಾನು ಸೀರೆಗಳ ಗಂಟು ಹಿಡಿದು ಬಹಳ ಹೊತ್ತು ನಿಂತೆ, ಕೆಮ್ಮು ನಿಲ್ಲಲಿಲ್ಲ.

ಈಗ ಶೇಡಬಾಳದಲ್ಲೇ ಎರಡು ಕೋಣೆ ಹಿಡಿದಿದ್ದೇವೆ. ಕಾರ್ಖಾನೆಯ ಕಬ್ಬು ಅರೆಯುವ ಹಂಗಾಮು ಮುಗಿದು ತಿಂಗಳುಗಳಾದವು. ಸಂಜೆ ಹೊಲದ ದಾರಿಯಲ್ಲಿ ತಿರುಗಾಡಲು ಹೋಗುತ್ತೇವೆ. ಕಣ್ಣಿಗೆ ಕಾಣುವಷ್ಟು ದೂರ ಚಿಮಣಿ ಇಲ್ಲ. ಆದರೂ ಅವಳು ಇಪ್ಪತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಾಳೆ. ಬೆಳೆ ನೋಡಿದಂತೆ ಮಾಡುತ್ತಾಳೆ. ನಾನೂ ಬೆಳೆ ನೋಡಿದಂತೆ ಮಾಡುತ್ತ, ಅವಳ ಎದೆಯ ಸುಂಯ್ ಸದ್ದು ನಿನ್ನೆಗಿಂತ ಹೆಚ್ಚಿದೆಯೋ ಕಡಿಮೆಯಿದೆಯೋ ಅಂತ ಕಿವಿಗೊಟ್ಟು ನಿಲ್ಲುತ್ತೇನೆ.