ಶರಣಮ್ಮನವರು ಹೇಳದ ಹೆಸರು

ಶ್ರೇಯಾ, ವಿನಯ್, ಅಜ್ಜಿ ಹೈದರಾಬಾದಿನಲ್ಲಿ ಏನು ಕೆಲಸ ಮಾಡುತ್ತಿದ್ದಳೆಂದು ನೀವು ಕೇಳಿದಾಗಲೆಲ್ಲ ನಕ್ಕು ಸುಮ್ಮನಾಗಿದ್ದೇನೆ. ಎದುರಿಗೆ ಕೂತು ಹೇಳಲು ನನಗೆ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅದು ನಗರದಲ್ಲಿ ಮೆಟ್ರೋ ಶುರುವಾದ ಮರುವರ್ಷ. ನಿಮ್ಮ ಅಜ್ಜ ಆಗಲೇ ತೀರಿಹೋಗಿದ್ದರು. ನಾನು ಕೂಕಟ್‌ಪಲ್ಲಿಯಲ್ಲಿದ್ದೆ. ಅಮೀರ್‌ಪೇಟ್‌ನ ಹಾಸ್ಟೆಲಿನಲ್ಲಿದ್ದ ಮಂಗಳೂರಿನ ಹುಡುಗಿ ನೇತ್ರಾ, ಬೇಗಂ ಬಜಾರಿನ ಕನ್ನಡ ವ್ಯಾಪಾರಿಗಳ ಬಗ್ಗೆ ಸಂಶೋಧನಾ ಪ್ರಬಂಧ ಬರೆಯುತ್ತಿದ್ದಳು. ಅಲ್ಲಿನ ಹಿರಿಯರ ಕಲಬುರಗಿ ಕಡೆಯ ಮಾತು ಅವಳಿಗೆ ಅರ್ಧ ತಿಳಿಯುತ್ತಿರಲಿಲ್ಲ. ನನ್ನ ಊರು ಆ ಕಡೆಯದೇ. ಹಳ್ಳಿ ಶಾಲೆಯಲ್ಲಿ ಏಳನೇ ತನಕ ಓದಿದ್ದರೂ ಅಕ್ಷರ ದುಂಡಗಿತ್ತು. ಹೀಗೆ ಟಿಪ್ಪಣಿ ಬರೆಯುವ ಕೆಲಸ ನನಗೆ ಬಂತು.

ನೇತ್ರಾ ಕ್ರಮ ಕಲಿಸಿದಳು. ಅಂಗೈ ಅಗಲದ ಕಾರ್ಡ್‌ಗಳು. ಒಂದು ಕಾರ್ಡಿಗೆ ಒಂದೇ ಸಂಗತಿ. ಮೇಲೆ ವಿಷಯ, ಕೆಳಗೆ ಹೇಳಿದವರ ಹೆಸರು. ಅವರ ಮಾತು ಶಾಯಿಯಲ್ಲಿ, ನಮ್ಮ ಊಹೆ ಪೆನ್ಸಿಲಿನಲ್ಲಿ. ಯಾವುದು ಯಾರದೆಂದು ಕಲಸಿಹೋದರೆ ಪ್ರಬಂಧಕ್ಕೆ ಬೆಲೆಯಿಲ್ಲ ಎನ್ನುತ್ತಿದ್ದಳು.

ಒಣಮೆಣಸಿನಕಾಯಿ ವ್ಯಾಪಾರದ ಮನೆಯ ಹಿರಿಯ ಸೊಸೆ ಶರಣಮ್ಮನವರು ಹಲವು ಮಧ್ಯಾಹ್ನ ನಮಗೆ ಕಥೆ ಹೇಳಿದರು. ದನಿ ರೆಕಾರ್ಡ್ ಮಾಡಲು ಒಪ್ಪಲಿಲ್ಲ. ದಲ್ಲಾಳಿಯನ್ನು ಬಿಟ್ಟು, ಊರೂರು ತಿರುಗಿ ರೈತರಿಂದಲೇ ಮೆಣಸಿನಕಾಯಿ ಕೊಂಡು ತಂದ ಮೊದಲಿಗರು ತಮ್ಮ ಮನೆತನದವರೇ ಎಂದರು. ಪ್ರಬಂಧ ನಿಂತಿದ್ದೇ ಆ ಮಾತಿನ ಮೇಲೆ. ಅವರು ಮನೆಯ ಗಂಡಸರ ಹೆಸರು ಎತ್ತುತ್ತಿರಲಿಲ್ಲ. ನಾನೂ ಕೇಳಲಿಲ್ಲ, ನಮ್ಮಲ್ಲಿ ಹೆಂಗಸರು ಹಾಗೆ ಕೇಳುವುದಿಲ್ಲ. ಹೇಳಿದ ಕ್ರಮದಲ್ಲೇ ಓದಿದರೆ ಯಾರ ಬಗ್ಗೆ ಹೇಳಿದ್ದೆಂದು ತಿಳಿಯುತ್ತಿತ್ತು. ಆಮೇಲೆ ನೇತ್ರಾ ಕಾರ್ಡ್‌ಗಳ ಕಟ್ಟು ಬಿಚ್ಚಿ, ಖರೀದಿ, ಸಾಗಣೆ, ತೂಕ ಎಂದು ವಿಷಯವಾರು ಜೋಡಿಸಿಕೊಂಡಳು; ಆ ಕ್ರಮ ತಪ್ಪಿಹೋಯಿತು. ಶರಣಮ್ಮನವರ ಆಧಾರ್ ಕಾರ್ಡಿನಲ್ಲಿದ್ದ ಗಂಡನ ಹೆಸರನ್ನೇ ಎಲ್ಲ ಕಡೆಗೂ ಬರೆದಳು.

ಪ್ರಬಂಧ ಒಪ್ಪಿಸುವ ವಾರ, ಬರೆದದ್ದನ್ನು ಶರಣಮ್ಮನವರಿಗೆ ಒಮ್ಮೆ ಓದಿ ಹೇಳಲು ಹೋದೆವು. ನಡುವೆಯೇ ಅವರು ಕೈ ಎತ್ತಿದರು.

"ತಡೀವಾ. ನಮ್ಮನಿಯವ್ರು ತಕ್ಕಡಿ ಮುಂದಿಂದ ಏಳಾಕ ಬ್ಯಾಸರ ಮಾಡ್ಕೊತಿದ್ದ ಮಂದಿ. ಊರೂರು ತಿರಗಿದವ್ರು ನಮ್ಮ ಭಾವನವರು."

ಭಾವ ಎಂದರೆ ಗಂಡನ ಅಣ್ಣ. ಅವರಿಗೆ ಮದುವೆಯಾಗಿರಲಿಲ್ಲ. ತೀರಿಹೋಗಿ ಬಹಳ ಕಾಲವಾಗಿತ್ತು. ಶರಣಮ್ಮನವರ ಮಕ್ಕಳಿಗೆ ಅವರು ದೊಡ್ಡಪ್ಪ, ಬಜಾರಿಗೆ ಮಿರ್ಚಿ ಸೇಠ್. ಅಂಗಡಿ ಮಾವನವರ ಹೆಸರಿನಲ್ಲಿತ್ತು. ಶರಣಮ್ಮನವರ ಗಂಡನೂ ತೀರಿಕೊಂಡಿದ್ದರಿಂದ ಭಾವನವರ ಹೆಸರು ಬಲ್ಲವರು ಈ ಮುದುಕಿಯನ್ನು ಬಿಟ್ಟರೆ ಯಾರೂ ಉಳಿದಿರಲಿಲ್ಲ.

ನೇತ್ರಾ ಹೆಸರು ಕೇಳಿದಳು. ಶರಣಮ್ಮನವರು ತಲೆಯ ಮೇಲೆ ಸೆರಗೆಳೆದುಕೊಂಡರು. "ಹಿರೇರ ಹೆಸರು ಬಾಯಾಗ ಹ್ಯಾಂಗ ತಗೀಲಿ?"

ಹೆಸರಿಲ್ಲದಿದ್ದರೆ ತನ್ನ ಮಾರ್ಗದರ್ಶಕರು ಆ ಭಾಗವನ್ನೇ ತೆಗೆಸುತ್ತಾರೆಂದು ನೇತ್ರಾ ಬಿಡಿಸಿ ಹೇಳಿದಳು. ಅವಳ ಎರಡು ವರ್ಷದ ದುಡಿಮೆ ಅದರಲ್ಲಿತ್ತು. ಶರಣಮ್ಮನವರು ಆಗದೆಂದು ತಲೆಯಾಡಿಸಿದರು. ಅವರಿಗೆ ಹಟವಿರಲಿಲ್ಲ, ನಿಜವಾಗಿಯೂ ನಾಲಿಗೆ ಏಳುತ್ತಿರಲಿಲ್ಲ. ಬ್ಯಾಂಕಿನಲ್ಲಿ ಗಂಡನ ಹೆಸರು ಕೇಳಿದರೆ ಆಧಾರ್ ಕಾರ್ಡನ್ನೇ ಮುಂದೆ ಸರಿಸುತ್ತಿದ್ದ ನನಗೆ ಅದು ಗೊತ್ತಿತ್ತು.

"ಅವ್ವಾರ," ಎಂದೆ, "ನಾನೂ ಇವತ್ತಿನ ತನಕ ನಮ್ಮನಿಯವ್ರ ಹೆಸರು ತಗದಿಲ್ರಿ. ಈಗ ನಿಮ್ಮ ಮುಂದ ತಗೀತೀನಿ. ಸಿದ್ರಾಮಪ್ಪ."

ನನ್ನ ಕಿವಿ ಬಿಸಿಯಾದವು. ಶರಣಮ್ಮನವರು ನನ್ನನ್ನೇ ನೋಡಿದರು.

"ಚಲೋ ಹೆಸರು ಐತಿ ಬಿಡು," ಎಂದರು. ಆಮೇಲೆ ಸೆರಗಿನ ಮರೆಯಿಂದ, "ಈರಣ್ಣ" ಎಂದರು. ತಾವೇ ಗಾಬರಿಯಾದವರಂತೆ, "ಮಂದಿ ಹಂಗ ಕರೀತಿದ್ರು, ನಾ ಅಲ್ಲ," ಎಂದು ಸೇರಿಸಿದರು.

ನೇತ್ರಾ ನಗಲಿಲ್ಲ. ಕಾರ್ಡ್ ನನ್ನ ಕೈಗೆ ಕೊಟ್ಟಳು. ಶಾಯಿಯಲ್ಲಿ ಬರೆದೆ.

ಪ್ರಬಂಧ ಸಮಯಕ್ಕೆ ಸರಿಯಾಗಿ ಹೋಯಿತು, ಒಪ್ಪಿಗೆಯೂ ಆಯಿತು. ಅಂದಿನಿಂದ ಯಾರದೇ ಮಾತು ಬರೆದುಕೊಳ್ಳುವಾಗ ಎರಡು ಕೆಲಸ ಬಿಟ್ಟಿಲ್ಲ. ಕಾರ್ಡಿನ ಮೂಲೆಯಲ್ಲಿ ಮಾತು ಬಂದ ಕ್ರಮದ ಅಂಕಿ ಹಾಕುತ್ತೇನೆ. ಹೇಳಿದ್ದರ ಜೊತೆಗೆ ಹೇಳದೆ ಬಿಟ್ಟದ್ದನ್ನೂ ಗುರುತು ಮಾಡುತ್ತೇನೆ: "ಇಲ್ಲಿ ಹೆಸರು ಹೇಳಲಿಲ್ಲ, ಕೇಳಬೇಕು." ಕೇಳುವುದಕ್ಕೆ ನಾಚಿಕೆಪಟ್ಟರೆ ಮನುಷ್ಯರೇ ಅಳಿಸಿಹೋಗುತ್ತಾರೆಂದು ಈ ಕೆಲಸ ನನಗೆ ಕಲಿಸಿತು.

ಮಕ್ಕಳೇ, ನಿಮ್ಮ ಅಜ್ಜನ ಹೆಸರನ್ನು ನಾನು ನನ್ನ ಕೈಯಾರೆ ಬರೆದದ್ದು ಈ ಹಾಳೆಗಳಲ್ಲಿ ಮಾತ್ರ. ಬಿಡಿಬಿಡಿ ಮಾಡದೆ ಒಟ್ಟಿಗೆ ಜೋಪಾನವಾಗಿಡಿ.