ಅರ್ಧ ದಿನದ ಮುಯ್ಯಿ

ಮಿರಜ್‌ನಿಂದ ಮನೆಗೆ ಬಂದ ಮೇಲೆ ನನಗೆ ಕೂತರೂ ಸಮಾಧಾನವಿಲ್ಲ, ಎದ್ದರೂ ಸಮಾಧಾನವಿಲ್ಲ. ಅಲ್ಲಿನ ಆಸ್ಪತ್ರೆಯಲ್ಲಿ ಎಡ ಎದೆಯ ಕ್ಯಾನ್ಸರ್ ಗಂಟನ್ನು ಕೊಯ್ದು ತೆಗೆದಿದ್ದರು, ಬೇಸಿಗೆಯೆಲ್ಲ ರೇಡಿಯೇಶನ್ ಎಂಬ ಕರೆಂಟು ಕೊಟ್ಟಿದ್ದರು, ಇನ್ನು ರೋಗವಿಲ್ಲ ಎಂದು ಹೇಳಿ ಕಳಿಸಿದ್ದರು. ರೋಗ ಹೋದದ್ದು ನಿಜ. ಹೋಗುವಾಗ ಮೈಯೊಳಗಿನ ಕಸುವನ್ನೂ ಬಾಚಿಕೊಂಡು ಹೋಗಿತ್ತು. ಬೆಳಿಗ್ಗೆ ಏಳುವಾಗಲೇ ರಾತ್ರಿಯಿಡೀ ಕಬ್ಬಿನ ಹೊರೆ ಹೊತ್ತವಳ ಹಾಗೆ ದಣಿದಿರುತ್ತಿದ್ದೆ. ಒಂದು ಕೊಡ ನೀರು ತಂದರೆ ಕಟ್ಟೆಯ ಮೇಲೆ ಕೂತು ಸುಧಾರಿಸಿಕೊಳ್ಳಬೇಕು. ಮನಸ್ಸಿಗೆ ಮಾತ್ರ ಯಾವ ದಣಿವೂ ಇಲ್ಲ. ಅದು ಹೊಲಕ್ಕೆ ಹೋಗುತ್ತಿತ್ತು, ಎಮ್ಮೆಗೆ ಮೇವು ಹಾಕುತ್ತಿತ್ತು, ರೊಟ್ಟಿ ಬಡಿಯುತ್ತಿತ್ತು, ತಿರುಗಿ ಬಂದು ಹಾಸಿಗೆಯಲ್ಲಿ ಬಿದ್ದ ನನ್ನನ್ನೇ ಬೈಯುತ್ತಿತ್ತು.

ಜುಗೂಳದ ಹತ್ತಿರ, ಹೊಳೆದಂಡೆಯ ಊರು ನಮ್ಮದು. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು, ನನಗಿನ್ನೂ ನಲವತ್ತಾಗಿರಲಿಲ್ಲ. ನೋಡಲು ಬರುವವರಿಗೆ ಲೆಕ್ಕವಿರಲಿಲ್ಲ. ಬ್ರೆಡ್ಡು, ಬಿಸ್ಕಿಟು ತಂದು ತಲೆದಿಂಬಿನ ಹತ್ತಿರ ಇಟ್ಟು, ಕದ್ದು ಕದ್ದು ನನ್ನ ಸೆರಗಿನ ಕಡೆ ನೋಡಿ, ತುಪ್ಪ ತಿನ್ನು, ಏಳಬೇಡ, ಮಲಗು ಎಂದು ಹೇಳಿ ಹೋಗುತ್ತಿದ್ದರು. ಅವರು ಹೋದ ಮೇಲೆ ಸಿಟ್ಟಿನಿಂದ ಇನ್ನಷ್ಟು ದಣಿಯುತ್ತಿದ್ದೆ. ಮಲಗಿದಷ್ಟೂ ಮೈ ಭಾರವಾಗುತ್ತಿತ್ತು. ಮಿರಜ್‌ನ ಡಾಕ್ಟರು ಬೇರೆಯೇ ಹೇಳಿದ್ದರು. ಮರಾಠಿಯಲ್ಲಿ "ಹಳೂಹಳೂ ಕರಾ, ಬಾಯಿ" ಎಂದಿದ್ದರು, ನಿಧಾನವಾಗಿ ಮಾಡಮ್ಮ ಎಂದು. ದಣಿವು ಬರುವ ಮೊದಲೇ ಕೂರಬೇಕು, ಆದರೆ ದಿನವೂ ಸ್ವಲ್ಪ ಕೆಲಸ ಮಾಡಬೇಕು ಅಂತ. ನಮ್ಮ ಕಡೆಯ ಕೆಲಸ ಯಾವುದು ಹಳೂಹಳೂ ಆಗುತ್ತದೆಯೋ ಆ ಪುಣ್ಯಾತ್ಮನಿಗೇ ಗೊತ್ತು.

ನನ್ನನ್ನು ಒಳಗೊಳಗೆ ಕೊರೆಯುತ್ತಿದ್ದದ್ದು ಮುಯ್ಯಿ. ನಮ್ಮ ಓಣಿಯ ಹೆಂಗಸರು ಕೂಲಿ ಕೊಡುವುದಿಲ್ಲ, ತೆಗೆದುಕೊಳ್ಳುವುದಿಲ್ಲ. ಇವತ್ತು ಎಲ್ಲರೂ ನಿನ್ನ ಹೊಲದಲ್ಲಿ ಕಳೆ ಕಿತ್ತರೆ, ನಾಳೆ ನೀನು ಅವರವರ ಹೊಲಕ್ಕೆ ಹೋಗಿ ಕೀಳಬೇಕು. ದಿನಕ್ಕೆ ದಿನ, ಆಳಿಗೆ ಆಳು, ಅದೇ ಮುಯ್ಯಿ. ನಾನು ಮಿರಜ್‌ನಲ್ಲಿ ಬಿದ್ದಿದ್ದಾಗ ಅವರು ಬಂದು ನಮ್ಮ ಹೊಲದ ಕೆಲಸ ಮಾಡಿಕೊಟ್ಟಿದ್ದರು. ಅದನ್ನು ತೀರಿಸಬೇಕಿತ್ತು. ತೀರಿಸಿದರೆ ನಾನು ಮತ್ತೆ ಅವರಲ್ಲೊಬ್ಬಳು. ಇಲ್ಲದಿದ್ದರೆ ಬ್ರೆಡ್ಡು ಬಿಸ್ಕಿಟಿನವಳು.

ಶೇಂಗಾ ಕಳೆಗೆ ಬಂದಾಗ ಯಾರ ಮಾತೂ ಕೇಳದೆ ಕಳೆ ಕೀಳುವ ಕುರ್ಪಿ ಹಿಡಿದು ಅವರ ಹೊಲಕ್ಕೆ ಹೊರಟೆ. ಮೊದಲ ದಿನ ಹಟಕ್ಕೆ ಬಿದ್ದು ಎಲ್ಲರಿಗಿಂತ ಮುಂದೆ ಹೋದೆ. ಮರುದಿನ ಹಾಸಿಗೆಯಿಂದ ಏಳಲಿಲ್ಲ, ಅದರ ಮರುದಿನವೂ ಇಲ್ಲ. ಸ್ವಲ್ಪ ಚೇತರಿಸಿಕೊಂಡು ಮತ್ತೆ ಹೋದೆ, ಮತ್ತೆ ಬಿದ್ದೆ. ಕಳೆ ಕೀಳಾಕ ಹೊಂಟೀಯೋ ಸಾಯಾಕೋ ಎಂದು ಗಂಡ ರೇಗಿದರು. ಹಾಸಿಗೆಯಲ್ಲಿ ಬೀಳಲಿಕ್ಕೆ ಜೀವ ಉಳಿಸಿಕೊಂಡು ಬಂದೆನೇ ಎಂದು ನಾನೂ ರೇಗಿದೆ.

ಮತ್ತೊಂದು ದಿನ ಹೊಲದಲ್ಲಿ ಒಂದು ವಿಚಿತ್ರ ಕಂಡೆ. ಕಳೆ ಕೀಳುವಾಗ ಒಬ್ಬೊಬ್ಬರಿಗೆ ಒಂದೊಂದು ಸಾಲು. ನಾನು ಹಿಂದೆ ಬಿದ್ದಿದ್ದೆ. ಆದರೆ ನನ್ನ ಸಾಲು ಮುಂದೆಲ್ಲ ಆಗಲೇ ಸ್ವಚ್ಛವಾಗಿತ್ತು. ಆಚೆ ಈಚೆಯ ಸಾಲಿನವರು ಹೋಗುವಾಗ ಕೈ ಚಾಚಿ ನನ್ನ ಕಳೆಯನ್ನೂ ಕಿತ್ತುಕೊಂಡು ಹೋಗಿದ್ದರು. ನಾನು ಕೈಗೆ ಕೆಲಸವಿಲ್ಲದೆ ಅವರ ಹಿಂದೆ ಕುಕ್ಕರಗಾಲಲ್ಲಿ ಸರಿಯುತ್ತ ಹೊರಟಿದ್ದೆ. ನನಗೆ ತಡೆಯಲಾಗಲಿಲ್ಲ, ಕುರ್ಪಿ ಬಿಸಾಕಿ ಎದ್ದು ನಿಂತು ಎಲ್ಲರಿಗೂ ಒಟ್ಟಿಗೆ ಬೈದೆ.

ಗುಂಪಿಗೆ ಹಿರಿಯಳಾದ, ಎಲ್ಲರೂ ಆಯಿ ಎಂದು ಕರೆಯುವ ಮುದುಕಿ ಹಿಂತಿರುಗಿ ನೋಡಿದಳು.

"ನಿನ್ನ ಮುಯ್ಯಿ ಬಿಟ್ಟೀವಿ ತಂಗಿ," ಎಂದಳು. "ಮನಿಗಿ ಹೋಗು. ಆರಾಮ ಇರು."

ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ಆದರೆ ನಮ್ಮಲ್ಲಿ ಮುಯ್ಯಿ ಬಿಡುವುದು ಆಳು ಸತ್ತಾಗ ಮಾತ್ರ. ಬದುಕಿರುವವರ ಮುಯ್ಯಿ ಬಿಟ್ಟದ್ದನ್ನು ನಾನು ಕೇಳಿರಲಿಲ್ಲ. ದಾರಿಯುದ್ದಕ್ಕೂ ಅಳುತ್ತ ಬಂದೆ. ಗಂಟು ಇದೆ ಎಂದು ಡಾಕ್ಟರು ಹೇಳಿದ ದಿನವೂ ಹಾಗೆ ಅತ್ತಿರಲಿಲ್ಲ.

ಆ ವಾರವೆಲ್ಲ ಮನೆಯಲ್ಲಿ ಅತ್ತಿಂದಿತ್ತ ತಿರುಗಾಡಿದೆ. ಕೂತೆ, ಎದ್ದೆ, ಸುಮ್ಮಸುಮ್ಮನೆ ಪಾತ್ರೆ ಸದ್ದು ಮಾಡಿದೆ. ಹಾಗೆ ತಿರುಗಾಡುತ್ತಲೇ ಮೈಯ ಗುಣ ಸ್ವಲ್ಪ ಸ್ವಲ್ಪ ತಿಳಿಯತೊಡಗಿತು. ಬೆಳಿಗ್ಗೆ ರೊಟ್ಟಿ ತಿಂದ ಮೇಲೆ ಅದಕ್ಕೆ ಕಸುವಿರುತ್ತದೆ. ನಡುನಡುವೆ ಕೂತರೆ ಆ ಕಸುವು ಹೊತ್ತು ನೆತ್ತಿಗೆ ಬರುವ ತನಕ ನಡೆಯುತ್ತದೆ. ಆಮೇಲೆ ದೇವರು ಬಂದು ಕರೆದರೂ ಏಳುವುದಿಲ್ಲ. ಮಧ್ಯಾಹ್ನ ಮಲಗಿ ಸಂಜೆ ಎದ್ದರೆ ಮರುದಿನಕ್ಕೆ ಏನಾದರೂ ಉಳಿದಿರುತ್ತದೆ. ಮಿರಜ್‌ನ ಪುಣ್ಯಾತ್ಮ ಹೇಳಿದ್ದೂ ಇದನ್ನೇ. ಆದರೆ ನನಗೆ ಬೇರೆಯವರು ಹೇಳಿದರೆ ತಲೆಗೆ ಹೋಗುವುದಿಲ್ಲ.

ಆಯಿಯ ಮನೆಗೆ ಹೋದೆ. ಅವಳು ಬಾಗಿಲಲ್ಲಿ ಕೂತು ತಂಬಾಕು ತಿಕ್ಕುತ್ತಿದ್ದಳು.

"ಊಟದ ಹೊತ್ತಿನ ತನಕ ಬರ್ತೀನಿ ಆಯಿ. ಅರ್ಧಾ ದಿನಾ ಅಂತ ಹಿಡಿ. ನನ್ನ ಸಾಲಿಗೆ ಯಾರೂ ಕೈ ಹಚ್ಚಬಾರದು. ಮುಯ್ಯಿ ಮಾತ್ರ ಬಿಡಬ್ಯಾಡ."

ಆಯಿ ತಂಬಾಕು ಬಾಯಿಗೆ ಹಾಕಿಕೊಂಡಳು. ನೋಡೋಣ ಎಂದಷ್ಟೇ ಹೇಳಿದಳು.

ಹೋಗತೊಡಗಿದೆ. ಬದುವಿಗೆ ಬಂದಾಗಲೊಮ್ಮೆ ಕೂತೆ, ನೀರು ಕುಡಿದೆ, ಮತ್ತೆ ಎದ್ದೆ. ಹಿಂದೆ ಬಿದ್ದರೆ ಹಿಂದೆಯೇ ಇದ್ದೆ. ನನ್ನ ಸಾಲಿನ ಕಳೆ ನನಗಾಗಿ ಕಾಯುತ್ತಿತ್ತು, ಅದನ್ನು ಕಂಡರೆ ಖುಷಿಯಾಗುತ್ತಿತ್ತು. ಬುತ್ತಿ ಉಂಡು ಅವರೆಲ್ಲ ಮತ್ತೆ ಸಾಲಿಗೆ ಇಳಿಯುವಾಗ ನಾನೊಬ್ಬಳೇ ಮನೆಯ ದಾರಿ ಹಿಡಿಯುವುದು ಮಾತ್ರ ಕಷ್ಟವಿತ್ತು. ಹಿಂದಿನಿಂದ ಅವರ ನಗು ಕೇಳಿದರೆ ನನ್ನನ್ನು ನೋಡಿಯೇ ನಗುತ್ತಾರೆ ಅನ್ನಿಸುತ್ತಿತ್ತು, ಕಾಲುಗಳು ತಿರುಗಿ ಹೊಲದ ಕಡೆ ಎಳೆಯುತ್ತಿದ್ದವು. ಕೆಲವು ದಿನ ಅರ್ಧವೂ ಆಗುತ್ತಿರಲಿಲ್ಲ. ಅಂಥ ದಿನ ಹೋಗುತ್ತಿರಲಿಲ್ಲ, ಹೋಗಲಿಲ್ಲವೆಂದು ಮನೆಯಲ್ಲಿ ಚಡಪಡಿಸುತ್ತಿದ್ದೆ. ಶೇಂಗಾ ಮುಗಿದು ಹಿಂಗಾರಿ ಬರುವ ಹೊತ್ತಿಗೆ ಹಳೆಯ ಮುಯ್ಯಿ ತೀರಿತ್ತು. ಅದರ ಮೇಲೆ ಒಬ್ಬೊಬ್ಬರ ಹೊಲದಲ್ಲೂ ನನ್ನದೊಂದು ಅರ್ಧ ದಿನ ಹೆಚ್ಚಿಗೆ ಬಿದ್ದಿತ್ತು.

ಆ ಅರ್ಧ ದಿನ ತೀರಿಸಲು ನಮ್ಮ ಜೋಳದ ಕಳೆಗೆ ಅವರು ಬಂದರು. ನನಗೆ ಒಂದೇ ಅಂಜಿಕೆ, ಅಯ್ಯೋ ಪಾಪ ಎಂದು ಎಲ್ಲಿ ಸಂಜೆಯ ತನಕ ದುಡಿದುಬಿಡುತ್ತಾರೋ ಎಂದು. ಹೊತ್ತು ನೆತ್ತಿಗೆ ಬಂತು. ಬದುವಿನ ಮೇಲೆ ಕೂತು ರೊಟ್ಟಿ, ಶೇಂಗಾ ಹಿಂಡಿಯ ಚಟ್ನಿ ಉಂಡರು. ಆಮೇಲೆ ಆಯಿ ಎದ್ದು ಕುರ್ಪಿಯ ಮಣ್ಣು ಒರೆಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಉಳಿದವರೂ ಎದ್ದರು. ಅರ್ಧ ಹೊಲದಲ್ಲಿ ಕಳೆ ಹಾಗೇ ನಿಂತಿತ್ತು.

ಗಂಡ ಓಡೋಡಿ ಬಂದು, ಇಷ್ಟಕ್ಕೇ ಬಿಟ್ಟು ಹೊರಟರೆ ಉಳಿದದ್ದನ್ನು ಕೀಳುವವರು ಯಾರು ಎಂದು ಕೇಳಿದರು.

"ನಿನ್ನ ಹೇಣತಿ ಕೊಟ್ಟಿದ್ದು ಅರ್ಧಾ ದಿನಾ, ತಮ್ಮಾ," ಎಂದಳು ಆಯಿ. "ಉಳದದ್ದು ಬೇಕಂದ್ರ ಆಕಿ ಇನ್ನೊಮ್ಮಿ ನಮ್ಮ ಹೊಲಕ್ಕ ಬರಲಿ."

ಜಡ್ಡಾದವಳ ಹೊಲವೆಂಬ ಕರುಣೆಯೂ ಇಲ್ಲವಲ್ಲ ಎಂದು ಅವರು ಸಿಟ್ಟಿನಿಂದ ನನ್ನ ಮುಖ ನೋಡಿದರು. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದೆ. ಕಣ್ಣಿಂದ ನೀರು ಇಳಿಯುತ್ತಿತ್ತು.

ನಾಳೆ ಯಾರ ಹೊಲ ಎಂದು ಆಯಿಯನ್ನು ಕೇಳಿದೆ.