ಸಿದ್ರಾಮಪ್ಪನವರ ಗಾಡಿ

ಕೋಥರೂಡದ ನಿವೃತ್ತ ಗುಮಾಸ್ತ ಸಿದ್ರಾಮಪ್ಪನವರ ದಪ್ಪ ಟಯರಿನ ಸೈಕಲ್ಲನ್ನು ಯಾರಾದರೂ ಸೈಕಲ್ ಎಂದರೆ ಅವರು ಮುಖ ಸಿಂಡರಿಸುತ್ತಾರೆ, ಅದು ಗಾಡಿ. ರವಿವಾರ ಬಂತೆಂದರೆ ಶಿರೂರಿನಾಚೆ, ಹಳಿ ಕಿತ್ತುಹೋದ ಹಳೇ ರೈಲುದಾರಿಯ ಜಲ್ಲಿಯ ಮೇಲೆ ಗಾಡಿ ಬಿಡುತ್ತಾರೆ. ಗೇಟಿಲ್ಲದ ಗೇಟಿನಲ್ಲಿ ಸೀಟಿ ಊದುತ್ತಾರೆ, ಅಡ್ಡ ಬಂದ ಆಡುಗಳಿಗೂ "ಬಾಜೂಕ ಸರೀರಿ, ಗಾಡಿ ಬಂತು" ಎಂದು ಮರ್ಯಾದೆ ಕೊಡುತ್ತಾರೆ. ದಿನ್ನೆ ಇಳಿಯುವಾಗ ಎಷ್ಟೇ ವೇಗವಿರಲಿ, ಪಾಳುಬಿದ್ದ ಸ್ಟೇಶನ್ನಿನ ಕಟ್ಟೆ ಬಂದರೆ ಬ್ರೇಕು ಬೀಳಲೇಬೇಕು. ಅಲ್ಲಿ, ಬಸ್ಸಿನಲ್ಲಿ ಮೊದಲೇ ಬಂದ ಹೆಂಡತಿ ಕಾಶವ್ವ ರೊಟ್ಟಿಬುತ್ತಿ ಹಿಡಿದು ಕೂತಿರುತ್ತಾಳೆ. ಮದುವೆಯಾದ ಹೊಸದರಲ್ಲಿ, ತವರಿನಿಂದ ಆಕೆ ಬರಬೇಕಿದ್ದ ರೈಲಿಗಾಗಿ ಅವರು ಇಡೀ ದಿನ ಕಾದದ್ದು ಇದೇ ಕಟ್ಟೆಯ ಮೇಲೆ. "ಗಾಡಿ ಭಾಳ ಲೇಟಾತಲ್ರಿ" ಎನ್ನುತ್ತಾಳೆ ಆಕೆ. ರೊಟ್ಟಿಗೆ ಕೈಚಾಚುತ್ತ ಅವರೆನ್ನುತ್ತಾರೆ: "ಅವತ್ತ ನಿನ್ನ ಗಾಡಿ ಆದಷ್ಟಿಲ್ಲ ಬಿಡು."